ನಾಲ್ಕಡಿಯ ತೊಟ್ಟಿ

ಬೆಳಕಿಗೆ ಎತ್ತಿ ಹಿಡಿದ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ನೀರು, ನೀರಿನಲ್ಲಿ ಎರಡು ಕಪ್ಪು ಮೀನು. ನಾನು ಬೆಳೆದ ಊರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ. ಬಣ್ಣದ ಮೀನು ಮಾರುತ್ತಿದ್ದ ಇನಾಸಪ್ಪ ಯಾವ ಮೀನನ್ನು ಕೊಡುವಾಗಲೂ ಹಾಗೆ ಚೀಲವನ್ನು ಬಾಗಿಲಿನ ಬೆಳಕಿಗೆ ಹಿಡಿದು, ಕಣ್ಣು ರೆಕ್ಕೆಗಳನ್ನೆಲ್ಲ ನೋಡಿ, ಆಮೇಲೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದ.

ನಾನು ಆ ಅಂಗಡಿಗೆ ಹೋದದ್ದು ಅಜ್ಜಿಗಾಗಿ. ನನ್ನನ್ನು ಸಾಕಿದವಳು ಅವಳು. ಅನ್ನದ ಜೊತೆ ಕತೆಯನ್ನೂ ಕಲೆಸಿ ಉಣ್ಣಿಸಿದವಳು. ಹಲ್ಲೆಲ್ಲ ಕೀಳಿಸಿದ ಮೇಲೆ ಅವಳ ಮಾತು ಸೋರತೊಡಗಿತ್ತು. ಒಂದು ದಿನ ಜಗಲಿಯಲ್ಲಿ ಕತೆ ಹೇಳುತ್ತಿದ್ದಾಗ ಪಕ್ಕದ ಮನೆಯ ತುಂಗಕ್ಕ, “ಅಜ್ಜೀ, ನಿಮ್ಮ ರಾಜಕುಮಾರಿಗೆ ನೆಗಡಿ ಆಗಿದ್ಯಾ?” ಎಂದಳು. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿದವಳು ಮತ್ತೆ ತೆಗೆಯಲಿಲ್ಲ. ಕಟ್ಟಿಸಿದ ಹಲ್ಲು ಲೋಟದ ನೀರಿನಲ್ಲೇ ಉಳಿಯಿತು. ಬೇಕು ಬೇಡಗಳೆಲ್ಲ ಕೈಸನ್ನೆಯಲ್ಲೇ ನಡೆದವು.

ಅಜ್ಜಿಯ ದನಿಯಿಲ್ಲದ ಮನೆ ನನಗೆ ಯಾರದೋ ಮನೆಯಂತೆ ಕಾಣುತ್ತಿತ್ತು. ಕಣ್ಣೆದುರು ಒಂದು ಜೀವ ಆಡುತ್ತಿದ್ದರೆ ಅದರೊಡನೆಯಾದರೂ ಅವಳು ಮಾತಾಡಿಯಾಳೆಂದು ಪುಟ್ಟದೊಂದು ಗಾಜಿನ ತೊಟ್ಟಿ ತಂದೆ. ಕಿಟಕಿಯ ಪಕ್ಕದ ಮಣೆಯ ಮೇಲೆ ಹಿಡಿಸುವಷ್ಟು, ಒಂದೂವರೆ ಅಡಿ. ಮರಳು ಹಾಸಿ, ನೀರು ತುಂಬಿ, ಅದು ಹದಕ್ಕೆ ಬರಲೆಂದು ಬಿಟ್ಟಿದ್ದೆ.

ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಆಸ್ಕರ್ ಎಂಬ ಮೀನುಗಳ ಜೋಡಿಯ ಮೇಲೆ. ಕಪ್ಪು ಮೈಯ ಮೇಲೆ ಕೆಂಡ ಚೆಲ್ಲಿದ ಹಾಗೆ ಬಣ್ಣ. ಇನಾಸಪ್ಪ ಬೆರಳು ಅದ್ದಿದರೆ ಎರಡೂ ಬಂದು ಮುಟ್ಟಿ ನೋಡುತ್ತಿದ್ದವು.

“ಸಿಕ್ಲಿಡ್ ಜಾತಿ ಕಣವ್ವಾ. ಸಾಕಿದವರ ಗುರುತು ಹಿಡೀತವೆ, ಕೈಯಿಂದಲೇ ತಿಂತವೆ. ಆದ್ರೆ ಬೆಳೆದ್ರೆ ಊಟದ ತಟ್ಟೆಯಷ್ಟಾಗ್ತವೆ, ಸಣ್ಣ ಜಾಗದಲ್ಲಿ ಬದುಕಲ್ಲ. ನಿನ್ನ ತೊಟ್ಟಿ ಎಷ್ಟುದ್ದ?”

ನನ್ನ ಪಕ್ಕದಲ್ಲಿದ್ದ ಹೆಂಗಸು ಆಗಷ್ಟೇ ತನ್ನದು ಆರಡಿ ಎಂದಿದ್ದಳು. ನನ್ನ ತಲೆಯೊಳಗೋ, ಅಜ್ಜಿ ಕೈಚಾಚಿ ಆ ಕೆಂಡದ ಮೀನುಗಳಿಗೆ ತಿನ್ನಿಸುತ್ತಿದ್ದಳು; ತೊಟ್ಟಿ ತಾನೇ ಬೆಳೆದು ಅರಮನೆಯ ಕೊಳವಾಗಿತ್ತು.

“ನಾಲ್ಕಡಿ,” ಎಂದೆ.

“ಸರಿ. ಸಂಜೆ ನಾನೇ ತಂದು ಬಿಡ್ತೀನಿ. ದೊಡ್ಡ ಮೀನನ್ನ ಗಿರಾಕಿ ಕೈಗೆ ಕೊಡಲ್ಲ ನಾನು. ತೊಟ್ಟಿ ನೋಡ್ಬೇಕು, ನೀರು ಮುಟ್ಟಿ ನೋಡ್ಬೇಕು.”

ಅವನ ಈ ಪದ್ಧತಿ ನನಗೆ ಗೊತ್ತಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಆಗಲಿಲ್ಲ. ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿ, “ಅವನು ಬಂದ್ರೆ ನಾನು ಮನೇಲಿಲ್ಲ ಅಂತ ಹೇಳಿಬಿಡಜ್ಜೀ,” ಎಂದೆ. ಹೇಳಿದ ಮೇಲೆ, ಯಾರಿಗೆ ಏನು ಹೇಳುತ್ತಿದ್ದೇನೆಂದು ಹೊಳೆದು ಕಿವಿ ಬಿಸಿಯಾಯಿತು. ಅಜ್ಜಿ ನನ್ನನ್ನೇ ನೋಡುತ್ತ ಕುಳಿತಿದ್ದಳು.

ಸಂಜೆ ಬಾಗಿಲಲ್ಲಿ ಆ ಚೀಲ ಕಾಣಿಸಿತು. ಇಳಿಬಿಸಿಲಲ್ಲಿ ಎರಡು ಕಪ್ಪು ಮೀನು ನಿಧಾನವಾಗಿ ತಿರುಗುತ್ತಿದ್ದವು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸರಿದೆ.

“ನಾಲ್ಕಡಿ ತೊಟ್ಟಿ ಎಲ್ಲಿದೆಯಮ್ಮಾ?” ಇನಾಸಪ್ಪ ಅಜ್ಜಿಯನ್ನು ಕೇಳಿದ.

ಅವನ ಹಿಂದೆಯೇ ತುಂಗಕ್ಕ ಇಣುಕಿದಳು. “ಇವರ ಮನೇಲಾ? ಇವರ ನಡುಮನೆಯೇ ನಾಲ್ಕಡಿ ಇದ್ದರೆ ಹೆಚ್ಚು.”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಗ ಒಂದು ದನಿ ಕೇಳಿಸಿತು.

“ಇತ್ತಪ್ಪಾ.”

ಅಜ್ಜಿ ಸೆರಗು ಇಳಿಸಿದ್ದಳು, ಅದೇ ತುಂಗಕ್ಕನ ಎದುರು. ಬೊಚ್ಚುಬಾಯಿಯಿಂದ ಅರ್ಧ ಅಕ್ಷರ, ಅರ್ಧ ಗಾಳಿ ಬರುತ್ತಿತ್ತು.

“ನನ್ನ ಕೂಸು ಸುಳ್ಳಾಡೋದಿಲ್ಲ. ಬೆಳಿಗ್ಗೆ ಇಲ್ಲೇ ಇತ್ತು ನಾಲ್ಕಡಿ ತೊಟ್ಟಿ. ಮಧ್ಯಾಹ್ನ ಬಾಯಾರಿದ ರಾಕ್ಷಸಿಯೊಬ್ಬಳು ಬಂದಳು. ಅವಳು ಒಂದೊಂದು ಗುಟುಕು ಕುಡಿದ ಹಾಗೆಲ್ಲ ತೊಟ್ಟಿ ಬತ್ತಿ ಬತ್ತಿ, ಇಗೋ, ಇಷ್ಟೇ ಉಳೀತು.”

ಅಷ್ಟು ಹೇಳಿ ನಿಲ್ಲಿಸಿದಳು. ಅದು ಅವಳ ಕಟ್ಟಳೆ: ಕೇಳುವವರು ಹೂಂಗುಟ್ಟದೆ ಕತೆ ಮುಂದೆ ಹೋಗದು. ಆ ಹೂಂ ಯಾವತ್ತೂ ನನ್ನದು. ಅವಳ ಕಣ್ಣು ಅಡುಗೆಮನೆಯ ಬಾಗಿಲ ಕಡೆಗೇ ಇತ್ತು. ನಾನು ಬಾಗಿಲ ಹಿಂದೆ ಇನ್ನಷ್ಟು ಒತ್ತಿಕೊಂಡೆ. ತುಂಗಕ್ಕನ ತುಟಿ ಅದುರಿತು, ಇನ್ನೇನು ನಗುತ್ತಾಳೆ.

ಇನಾಸಪ್ಪ ಹೊಸ್ತಿಲ ಆಚೆ ಕುಕ್ಕರಗಾಲಲ್ಲಿ ಕುಳಿತು, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡ.

“ಹೂಂ,” ಎಂದ. “ಆಮೇಲೆ?”

ನಾನು ಹೊರಗೆ ಬಂದೆ. “ಇದ್ದದ್ದೇ ಇಷ್ಟು,” ಎಂದೆ, ನೆಲ ನೋಡುತ್ತ. “ಆ ಮೀನು ವಾಪಸ್ ತಗೊಂಡು ಹೋಗಿ.”

“ತಗೊಂಡು ಹೋಗ್ತೀನವ್ವಾ,” ಎಂದು ಅವನು ಕೈಚೀಲದಿಂದ ನೀರು ತುಂಬಿದ ಇನ್ನೊಂದು ಸಣ್ಣ ಪೊಟ್ಟಣ ತೆಗೆದ. “ನಾಲ್ಕಡಿ ಅಂದವರ ಮನೆಗೆ ಹೋಗುವಾಗ ಇದನ್ನೂ ತಂದಿರ್ತೀನಿ. ಇವೂ ಸಿಕ್ಲಿಡ್ಡೇ. ಬೆಳೆದರೂ ಕಿರುಬೆರಳಷ್ಟು. ಬಾಯಲ್ಲೇ ಮರಳು ಹೊತ್ತು ಜಾಗ ಮಾಡ್ಕೊಂಡು, ಬಸವನಹುಳದ ಖಾಲಿ ಚಿಪ್ಪಿನೊಳಗೇ ಸಂಸಾರ ಮಾಡ್ತವೆ.”

ಅವನು ಜೊತೆಗೆ ತಂದ ನಾಲ್ಕಾರು ಚಿಪ್ಪುಗಳನ್ನು ಮರಳಿನ ಮೇಲೆ ಜೋಡಿಸಿ, ಪೊಟ್ಟಣವನ್ನು ನೀರಿನಲ್ಲಿ ತೇಲಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಅದರ ಬಾಯಿ ಬಿಚ್ಚಿದ. ಬೂದುಬಣ್ಣದ ಮೀನುಗಳು ಗೆರೆ ಎಳೆದಂತೆ ಸರಿದು ಚಿಪ್ಪುಗಳೊಳಗೆ ಮಾಯವಾದವು.

ಅಷ್ಟು ಹೊತ್ತೂ ಅಜ್ಜಿ ಕತೆ ನಿಲ್ಲಿಸಿರಲಿಲ್ಲ. ರಾಕ್ಷಸಿಗೆ ಹೊಟ್ಟೆ ಉಬ್ಬರಿಸಿ, ಅವಳು ವೈದ್ಯನ ಮನೆಯ ದಾರಿ ಹಿಡಿದಿದ್ದಳು. ತುಂಗಕ್ಕ ಒಳಗೆ ಬಂದು ಗೋಡೆಗೆ ಒರಗಿ ಕೂತಿದ್ದಳು. ಮಾತು ಮತ್ತೆ ನಿಂತಿತು. ಈ ಸಲ ನಾನು ಹೂಂ ಎಂದೆ. ಯಾರ ಮುಖವನ್ನೂ ನೋಡಲಾರದೆ ತೊಟ್ಟಿಯ ಕಡೆ ತಿರುಗಿಯೇ ಇದ್ದೆ. ಚಿಪ್ಪೊಂದರಿಂದ ಹೊರಬಂದ ಮೀನು ಬಾಯಿ ತುಂಬ ಮರಳು ತುಂಬಿಕೊಂಡು, ಅಷ್ಟು ದೂರ ಹೋಗಿ ಉಗುಳಿ, ಮತ್ತೆ ಮರಳಿ ಬಂದು ಬಾಯಿ ತುಂಬಿಕೊಳ್ಳುತ್ತಿತ್ತು.