ಎರಡು ಒಲೆಯ ಮನೆ

ಕ್ಷೌರದ ಅಂಗಡಿ ಮುಚ್ಚಿ ಬಂದ ಮೈದುನ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟ.

"ಅತ್ತಿಗೆ, ಹೊಸ ಮನೆ ತೆರಿಗೆಗೆ ಒಲೆ ಎಣಿಸ್ತಾರಂತೆ. ಒಂದು ಒಲೆ ಅಂದ್ರೆ ಒಂದು ಮನೆ. ನಮ್ಮಲ್ಲಿ ಎರಡು ಒಲೆ, ಎರಡು ತೆರಿಗೆ!"

ಹಿರಿಸೊಸೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಯಾರು ಹೇಳಿದ್ದು?"

"ಅರ್ಧ ಗಡ್ಡ ಬೋಳಿಸ್ಕೊಂಡು ಕೂತಿದ್ದೋರು. ಕತ್ತಿ ಕುತ್ತಿಗೆ ಮೇಲಿರುವಾಗ ಯಾರು ಸುಳ್ಳು ಹೇಳ್ತಾರೆ?"

ಅವಳಿಗೆ ನಗು ಬರಲಿಲ್ಲ. ಗಂಡ ದುಡಿಯುತ್ತಿದ್ದ ಮುದ್ರಣಾಲಯ ಬಾಗಿಲು ಹಾಕಿತ್ತು. ಕೈ ಬಿಗಿಯಾದ ಜನ ಕ್ಷೌರವನ್ನೂ ಮುಂದೂಡುತ್ತಿದ್ದರು. ಒಂದು ತೆರಿಗೆ ಬಿದ್ದರೇ ಮನೆ ಮಾರುವ ಮಾತು. ಎರಡು ಬಿದ್ದರೆ ದೇವರೇ ಗತಿ.

ಒಂದು ಒಲೆ ಆರಬೇಕು, ಸರಿ. ಆದರೆ ಅವಳೂ ವಾರಗಿತ್ತಿಯೂ, ಅಂದರೆ ಈ ಮೈದುನನ ಹೆಂಡತಿಯೂ, ಮಾತು ಬಿಟ್ಟು ವರ್ಷಗಳಾಗಿದ್ದವು. ಅತ್ತೆ ತೀರಿಕೊಂಡ ಮೇಲೆ ಅಡುಗೆಮನೆ ಎರಡಾಗಿತ್ತು. ಯಾಕೆಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ವಾರಗಿತ್ತಿಯ ಅಡುಗೆಮನೆಗೆ ದೊಡ್ಡ ಕಿಟಕಿ ಇತ್ತು, ಅದೇ ಉಳಿಯಿತು. ಹಿರಿಸೊಸೆಯ ಒಲೆ ಅಟ್ಟ ಸೇರಿತು, ಅದರ ಹಿಂದಿನ ಮಸಿಗೋಡೆಗೆ ಸುಣ್ಣ ಬಿತ್ತು. ಮೊದಲ ದಿನ ಇಬ್ಬರೂ ಬೆನ್ನು ತಿರುಗಿಸಿಕೊಂಡೇ ಬೇಯಿಸಿದರು. ಉಪ್ಪು ಇಬ್ಬರೂ ಹಾಕಿದ್ದರು, ಕೇಳಬೇಕಾದರೆ ಮಾತಾಡಬೇಕಲ್ಲ. ಗಂಡಸರು ತುಟಿಪಿಟಕ್ಕೆನ್ನದೆ ಉಂಡು ಚೊಂಬುಗಟ್ಟಲೆ ನೀರು ಕುಡಿದರು. ಮರುದಿನ ವಾರಗಿತ್ತಿ ಗೋಡೆಗೆ ಹೇಳಿದಳು: "ಉಪ್ಪು ಹಾಕಿದೀನಿ." ಇವಳು ಪಾತ್ರೆಗೆ ಹೇಳಿದಳು: "ಒಳ್ಳೇದಾಯ್ತು." ಕೆಲವೇ ದಿನಗಳಲ್ಲಿ ಮಾತಿಗೆ ಗೋಡೆ, ಪಾತ್ರೆಗಳ ಹಂಗು ಬೇಕಾಗಲಿಲ್ಲ.

ತೆರಿಗೆ ಕಚೇರಿಯ ಅಳತೆಯವಳು ಟೇಪು ಹಿಡಿದು ಬಂದಾಗ ಇಬ್ಬರೂ ಒಟ್ಟಿಗೆ ಬೇಳೆ ಆರಿಸುತ್ತಿದ್ದರು. ಆಕೆ ಕೋಣೆ ಕೋಣೆ ಅಳೆದು ಕೇಳಿದಳು. "ಎಲ್ಲ ಒಂದೇ ಸಂಸಾರಾನಾ?"

"ಒಂದೇ ಒಲೆ, ಒಂದೇ ಮನೆ!" ಎಂದ ಮೈದುನ.

"ಹಾಗಾದ್ರೆ ತೆರಿಗೆ ಬರುತ್ತೆ. ಬೇರೆ ಬೇರೆ ಇದ್ದಿದ್ರೆ ಎರಡೂ ಸಣ್ಣ ಮನೆ ಆಗ್ತಿತ್ತು. ಸಣ್ಣ ಮನೆಗೆ ತೆರಿಗೆ ಇಲ್ಲ."

ಅಂಗಡಿಯ ಸುದ್ದಿಯೂ ಅರ್ಧ ಗಡ್ಡದ್ದೇ.

"ಅಮ್ಮಾ, ಎರಡೇ! ನಿಜವಾಗ್ಲೂ ಎರಡೇ!" ಮೈದುನ ಅಟ್ಟ ಹತ್ತಿ ಒಲೆ ಇಳಿಸಿ ತೋರಿಸಿದ.

"ಹಳೇ ಒಲೆ ಎಲ್ಲರ ಅಟ್ಟದಲ್ಲೂ ಇರುತ್ತೆ. ತೆರಿಗೆ ಅಂದ ತಕ್ಷಣ ಊರೆಲ್ಲ ಬೇರೆಯಾಗುತ್ತೆ. ಯಾಕೆ ಬೇರೆಯಾದ್ರಿ, ಹೇಳಿ ನೋಡೋಣ."

ಗಂಡಸರಿಗೂ ಅದು ಗೊತ್ತಿರಲಿಲ್ಲ. ಹೇಳಬೇಕಾದವಳು ತಾನೇ ಎಂದು ಹಿರಿಸೊಸೆಗೆ ಗೊತ್ತಾಯಿತು.

"ಅತ್ತೆ ಹಾಸಿಗೆ ಹಿಡಿದಾಗ ಇವಳು ಒಂದು ದಿನಾನೂ ಪಕ್ಕದಲ್ಲಿ ಕೂರಲಿಲ್ಲ." ಮನೆ ಉಳಿಸಲೆಂದು ತೆಗೆದ ಮಾತು, ಮುಗಿಯುವಾಗ ನಿಜವಾದ ಸಿಟ್ಟೇ ಆಗಿತ್ತು.

ವಾರಗಿತ್ತಿಯ ಮಡಿಲಿಂದ ಬೇಳೆ ಚೆಲ್ಲಿತು. "ಕೂರೋಕೆ ಬಿಟ್ಯಾ ನೀನು? ನೀರು ಕುಡಿಸೋಕೆ ಹೋದ್ರೆ ಲೋಟ ಕಿತ್ಕೊಳ್ತಿದ್ದೆ! ನಾನು ಬಾಗಿಲ ಹೊರಗೇ ನಿಂತಿರ್ತಿದ್ದೆ ಅಕ್ಕಾ. ಅವರು ಹೋಗೋವರೆಗೂ ಹೊರಗೇ!"

"ಕಣ್ಣೀರಿಟ್ಟು ನಂಬಿಸ್ಬೇಡ!"

"ನಿನ್ನ ನಂಬಿಕೆ ಯಾರಿಗೆ ಬೇಕು?"

"ಸಾಕು ಬಿಡ್ರೇ," ಎಂದ ಹಿರಿಸೊಸೆಯ ಗಂಡ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಳತೆಯವಳು ಪೆನ್ನು ತೆರೆದಳು. "ಎರಡು ಮನೆ ಅಂತ ಬರ್ಕೊಂಡೆ. ನಾಟಕ ಆಡೋರು ಇಷ್ಟು ಆಳಕ್ಕೆ ಅಗೆಯಲ್ಲ. ಒಲೆ ಇವತ್ತೇ ಹಚ್ಚಿ, ಮೇಲಿನೋರು ನೋಡೋಕೆ ಬರಬಹುದು."

ಮನೆ ಉಳಿಯಿತು. ಸಂಜೆ ಹಿರಿಸೊಸೆ ಸುಣ್ಣದ ಗೋಡೆಯ ಮುಂದೆ ಒಲೆ ಹಚ್ಚಿದಳು. ಬೇಳೆ ಕುದಿಯಿತು. ಉಪ್ಪಿಗೆ ಕೈ ಚಾಚಿದಳು. ಡಬ್ಬಿ ಆಚೆಯ ಅಡುಗೆಮನೆಯಲ್ಲೇ ಉಳಿದಿತ್ತು.

ತಿರುಗಿ ನೋಡಿದರೆ ವಾರಗಿತ್ತಿ ಡಬ್ಬಿ ಹಿಡಿದು ನಿಂತಿದ್ದಳು, ಹೊಸ್ತಿಲ ಆಚೆಗೆ. ಯಾವಾಗಿಂದ ನಿಂತಿದ್ದಳೋ.

ಹಿರಿಸೊಸೆ ಆ ಹೊಸ್ತಿಲನ್ನೇ ನೋಡಿದಳು. ಅತ್ತೆಯ ಕೋಣೆಯ ಬಾಗಿಲಿಗೆ ಆಗ ತಾನು ಸದಾ ಬೆನ್ನು ಹಾಕಿ ಕೂತಿರುತ್ತಿದ್ದಳು.

"ಇನ್ನೂ ಎಷ್ಟು ಅಂತ ಹೊರಗೇ ನಿಲ್ತೀಯೇ?" ಎಂದಳು. "ಒಳಗೆ ಬಾ. ಉಪ್ಪು ನೀನೇ ಹಾಕು."

ವಾರಗಿತ್ತಿ ಒಳಗೆ ಬಂದು ಪಾತ್ರೆಯೊಳಗೆ ಇಣುಕಿದಳು.

"ನೀನು ಹಾಕಿಲ್ಲ ತಾನೆ?"