ಅತ್ತೆ ಮಾಡಿದ ಹಾಗೆ

ಸೊಸೆ ಬೆಳೆದದ್ದು ಮೊಣಕಾಲೂರಿ ಮೌನವಾಗಿ ಪ್ರಾರ್ಥಿಸುವ ಚರ್ಚಿನಲ್ಲಿ. ಗಂಡನ ಮನೆಯವರ ಚರ್ಚಿನಲ್ಲೋ ಚಪ್ಪಾಳೆ, ಡೋಲು, ಗಂಟಲು ಬಿಚ್ಚಿದ ಹಾಡು. ಮೊದಲ ಭಾನುವಾರವೇ ಬಿಗುಮಾನದವಳು ಅನ್ನಿಸಿಕೊಳ್ಳಬಾರದೆಂದು ಅವಳು ಅತ್ತೆಯ ಮೇಲೇ ಕಣ್ಣಿಟ್ಟು, ಅವರು ಮಾಡಿದ್ದನ್ನೆಲ್ಲ ಮಾಡಿದಳು. ಅತ್ತೆ ಕೈಯೆತ್ತಿದರು, ಇವಳೂ ಎತ್ತಿದಳು. ಅತ್ತೆ ಬಲಗಾಲನ್ನು ಜೋರಾಗಿ ಕೊಡವಿದರು, ಇವಳೂ ಕೊಡವಿದಳು. ಅದನ್ನು ನೋಡಿ ಹಿಂದಿನ ಸಾಲಿನವರೂ ಭಕ್ತಿಯಿಂದ ಕಾಲು ಕೊಡವತೊಡಗಿದರು.

ಆರಾಧನೆ ಮುಗಿದ ಮೇಲೆ ಅತ್ತೆ ಬಾಗಿಲಲ್ಲಿ ಕೇಳಿದರು: "ನನಗೇನೋ ಕಾಲು ಜೋಮು ಹಿಡಿದಿತ್ತು. ನಿನಗೇನಾಗಿತ್ತಮ್ಮ?"

ಸೊಸೆ ನಾಚಿ ನೀರಾದಳು. "ನಿಮ್ಮ ಹಾಗೆ ಮಾಡದಿದ್ರೆ ಏನಂದ್ಕೋತೀರೋ ಅಂತ ಭಯ ಆಯ್ತು, ಅತ್ತೆ."

"ನಿಮ್ಮಲ್ಲಿ ಹೇಗೆ ಮಾಡ್ತೀರಿ?"

"ಕಣ್ಣು ಮುಚ್ಚಿ, ಸುಮ್ಮನೆ."

"ಮುಂದಿನ ವಾರ ಹಾಗೇ ಮಾಡು. ನಮ್ಮ ದೇವರಿಗೇನು ಕಿವಿ ಮಂದವಾ?" ಎಂದು ಅತ್ತೆ ಅವಳ ತೋಳು ಹಿಡಿದು ಮೆಟ್ಟಿಲಿಳಿದರು.