ಲೈಟ್ ಆರಿಸೀನಿ

“ಮೊದಲ ಮೈನಸ್ ಬಿಚ್ಚು,” ಎಂದರು ಈಶ್ವರಪ್ಪ, ಗ್ಯಾರೇಜಿನ ಬಾಗಿಲಲ್ಲೇ ನಿಂತು. ಮರುಕ್ಷಣವೇ ತಮ್ಮ ಮಾತಿನ ಮೇಲೆ ತಮಗೇ ಅನುಮಾನ ಬಂದವರಂತೆ, “ಮೈನಸ್ಸೋ ಪ್ಲಸ್ಸೋ? ಮೈನಸ್ ಅಲ್ಲೇನ್ವಾ?” ಎಂದು ಕೇಳಿದರು.

“ಹೂಂ ಮಾವ, ಮೈನಸ್ಸೇ,” ಎಂದಳು ನಿಧಿ. ಬಾನೆಟ್ಟಿನ ಕೆಳಗೆ ಬಗ್ಗಿದ್ದವಳು ತಲೆ ಎತ್ತಲಿಲ್ಲ.

ಮೂವತ್ತೊಂದು ವರ್ಷ ಹಾವೇರಿ ಡಿಪೊದ ಬಸ್ಸು ಓಡಿಸಿದ ಮನುಷ್ಯ, ಬ್ಯಾಟರಿಯ ಯಾವ ತುದಿಯನ್ನು ಮೊದಲು ಬಿಚ್ಚಬೇಕೆಂದು ಸೊಸೆಯನ್ನು ಕೇಳುತ್ತಿದ್ದರು. ಒಂದೂ ಅಪಘಾತ ಮಾಡದ್ದಕ್ಕೆ ಸಾರಿಗೆ ಸಂಸ್ಥೆ ಕೊಟ್ಟ ಬೆಳ್ಳಿಯ ಪದಕ ಅವರ ಕೋಣೆಯ ಗೋಡೆಯ ಮೇಲಿತ್ತು. ಹೆಂಡತಿ ತೀರಿಕೊಂಡ ಮೇಲೆ ಕೆನಡಾದ ಪಿಕರಿಂಗಿಗೆ ಮಗನ ಮನೆಗೆ ಬಂದವರು, ಅರವತ್ತಾರನೇ ವಯಸ್ಸಿನಲ್ಲಿ ಇಲ್ಲಿಯ ಲೈಸೆನ್ಸಿನ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದ್ದರು. ಮಗ ಸುನೀಲಕುಮಾರ ಹೊಸ ಕಾರು ಕೊಂಡಾಗ ಹಳೆಯದು ಅವರ ಪಾಲಿಗೆ ಬಂತು. ಅಂದಿನಿಂದ ಮೊಮ್ಮಗ ಸುಮುಖನನ್ನು ಶಾಲೆಗೆ ಬಿಡುವುದು, ಕರೆತರುವುದು, ತರಕಾರಿ ತರುವುದು, ಹತ್ತಿರದ ಊರು ವಿಟ್ಬಿಯಲ್ಲಿದ್ದ ಗೆಳೆಯ ಚನ್ನವೀರಪ್ಪನವರನ್ನು ದೇವಸ್ಥಾನಕ್ಕೆ ಕರೆದೊಯ್ಯುವುದು, ಎಲ್ಲವೂ ಅವರದೇ. ಮನೆಯಲ್ಲಿ ಯಾರೂ ಅವರಿಗೆ ದಾರಿ ಹೇಳಬೇಕಾಗಿ ಬಂದದ್ದಿಲ್ಲ.

ಕಾರಿಗೆ ಕ್ಯಾಮೆರಾ ಹಾಕಿದ್ದೂ ಅವರ ಸಲುವಾಗಿಯೇ. ಅಕ್ಟೋಬರಿನಲ್ಲಿ ಮಾಲಿನ ಪಾರ್ಕಿಂಗಿನಲ್ಲಿ ಯಾರೋ ಕಾರಿನ ಬಾಗಿಲು ಗೀರಿ ಹೋಗಿದ್ದರು. ಸುನೀಲಕುಮಾರ ಅಪ್ಪನ ಮಾತು ನಂಬದೆ, “ನೀವೇ ಎಲ್ಲೋ ಕಂಬಕ್ಕ ತಾಗಿಸೀರಿ, ಗೊತ್ತಾಗಿಲ್ಲ,” ಎಂದುಬಿಟ್ಟಿದ್ದ. ಮಾವನ ಮುಖ ಬಾಡಿದ್ದನ್ನು ನೋಡಲಾರದೆ ನಿಧಿ ಮಾರನೇ ವಾರವೇ ಕ್ಯಾಮೆರಾ ತರಿಸಿದಳು. ಕಾರು ನಿಂತಾಗಲೂ ಅದು ಕಣ್ಣು ತೆರೆದಿರಬೇಕೆಂದು ಫ್ಯೂಸ್ ಡಬ್ಬಿಯಿಂದಲೇ ವಯರು ಎಳೆದು, ಛಾವಣಿಯ ಅಂಚಿನೊಳಗೆ ಒಂದಿಷ್ಟೂ ಕಾಣದಂತೆ ತೂರಿಸಿ ಕೂರಿಸಿದ್ದಳು. ಅವಳು ಎಲೆಕ್ಟ್ರಿಕಲ್ ಇಂಜಿನಿಯರು; ವಿಟ್ಬಿಯ ಕಂಪನಿಯೊಂದರ ಪರೀಕ್ಷಾಲಯದಲ್ಲಿ ಇಡೀ ದಿನ ಅವಳು ಮಾಡುವುದು ಬೇರೆಯವರ ವಯರಿಂಗಿನ ತಪ್ಪು ಹುಡುಕುವ ಕೆಲಸ.

ಅವತ್ತು ಈಶ್ವರಪ್ಪ ಟಾರ್ಚು ಹಿಡಿದು ಪಕ್ಕದಲ್ಲೇ ಕುಳಿತಿದ್ದರು. “ಬ್ಯಾಟ್ರಿ ಹಳೇದಾತು ನೋಡ್ವಾ. ಇದು ಹಗಲೂ ರಾತ್ರಿ ಎಳಕೊಂಡ್ರ ಚಳಿಗಾಲದಾಗ ಕೈ ಕೊಡಂಗಿಲ್ಲೇನು?” ಎಂದಿದ್ದರು.

“ಮಾವ, ಇದು ನಿಮ್ಮ ಬಸ್ಸಲ್ಲ,” ಎಂದು ನಿಧಿ ನಕ್ಕಿದ್ದಳು.

ವಯರಿನ ನಡುವೆ ಒಂದು ಪುಟ್ಟ ಡಬ್ಬಿಯಿತ್ತು. ಬ್ಯಾಟರಿ ಸೊರಗತೊಡಗಿದರೆ ಕ್ಯಾಮೆರಾವನ್ನು ತಾನಾಗಿ ನಿಲ್ಲಿಸುವುದು ಅದರ ಕೆಲಸ. ಎಷ್ಟು ಸೊರಗಿದ ಮೇಲೆ ನಿಲ್ಲಿಸಬೇಕು ಎಂಬುದಕ್ಕೆ ಮೂರು ಮೆಟ್ಟಿಲಿನ ಒಂದು ಗುಂಡಿ. ಅದು ತೀರ ಕೆಳಗಿನ, ಎಲ್ಲಕ್ಕಿಂತ ತಡವಾಗಿ ನಿಲ್ಲಿಸುವ ಮೆಟ್ಟಿಲಿನಲ್ಲಿತ್ತು. ಹಳೆಯ ಬ್ಯಾಟರಿಗೆ ಬೇಗ ನಿಲ್ಲಿಸುವ ಮೇಲಿನದೇ ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ಡಬ್ಬಿಯ ಮೇಲಿನ ಫಲಕವನ್ನೆಲ್ಲ ಮುಚ್ಚಿಯಾಗಿತ್ತು. ಒಳಗೆ ಕುಕ್ಕರು ಕೂಗುತ್ತಿತ್ತು. ಹೇಗೂ ಮಾರ್ಚಿಗೆ ಬ್ಯಾಟರಿ ಬದಲಿಸುತ್ತೇವಲ್ಲ, ಆಗ ನೋಡಿದರಾಯಿತು ಎಂದುಕೊಂಡು ಎದ್ದಿದ್ದಳು.

ಜನವರಿಯ ಒಂದು ಗುರುವಾರ, ಮೈನಸ್ ಹತ್ತೊಂಬತ್ತು ಡಿಗ್ರಿಯ ಚಳಿಯಲ್ಲಿ, ಕಾರು ಸುಮುಖನ ಶಾಲೆಯ ಹಿಂಬದಿಯಲ್ಲಿ ಚಾಲೂ ಆಗದೆ ನಿಂತೇಬಿಟ್ಟಿತು. ಶಾಲೆ ಬಿಟ್ಟ ಮೇಲೆ ಅಜ್ಜ ಮೊಮ್ಮಗ ಮೈದಾನದ ಹಿಮದಲ್ಲಿ ಅರ್ಧ ಗಂಟೆ ಆಡಿ ಬರುವುದು ವಾಡಿಕೆ. ಅವರು ಕಾರಿಗೆ ಮರಳುವ ಹೊತ್ತಿಗೆ ಶಾಲೆಯ ಬಾಗಿಲು ಹಾಕಿತ್ತು. ಬೆಲ್ ಒತ್ತಿದರೆ ಯಾರೂ ಬರಲಿಲ್ಲ. ನಿಧಿಯ ಫೋನು ಪರೀಕ್ಷಾಲಯದ ಹೊರಗಿನ ಲಾಕರಿನಲ್ಲಿತ್ತು. ಟೊರಾಂಟೊದ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದ ಸುನೀಲಕುಮಾರ ಆರನೇ ಕರೆಗೆ ಫೋನೆತ್ತಿದ. ಸಹಾಯದ ಟ್ರಕ್ಕು ಬರುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು. ಈಶ್ವರಪ್ಪ ತಮ್ಮ ಜಾಕೆಟ್ಟು, ಟೋಪಿ, ಮಫ್ಲರು ಎಲ್ಲವನ್ನೂ ಮಗುವಿಗೆ ಸುತ್ತಿ ಬರಿಯ ಸ್ವೆಟರಿನಲ್ಲಿ ಕುಳಿತಿದ್ದರು. ಅವರ ಎಡಗಿವಿಯ ಅಂಚು ಮರಗಟ್ಟಿ, ಆಮೇಲೆ ಬೊಬ್ಬೆಯೆದ್ದಿತು. ಸುಮುಖನಿಗೆ ಎರಡು ದಿನ ಜ್ವರ.

ಟ್ರಕ್ಕಿನವನು ಬ್ಯಾಟರಿ ನೋಡಿ, ಪೂರ್ತಿ ಖಾಲಿಯಾಗಿದೆ, ಒಳಗಿನ ಲೈಟು ಆರಿಸುವುದನ್ನು ಮರೆತಿರಬೇಕು ಎಂದು ಹೇಳಿ, ಕಾರನ್ನು ಚಾಲೂ ಮಾಡಿಕೊಟ್ಟು ಹೋದ. ಅಷ್ಟೇ ಸಾಕಾಯಿತು.

“ಕ್ಯಾಮೆರಾದಿಂದ ಹಿಂಗಾಗಿರಬೌದಾ?” ಎಂದು ಅವತ್ತು ಸಂಜೆ ಸುನೀಲಕುಮಾರ ಹೆಂಡತಿಯನ್ನು ಕೇಳಿದ್ದು ನಿಜ.

“ಚಾನ್ಸೇ ಇಲ್ಲ. ಅದಕ್ಕೆ ಕಟ್‌ಆಫ್ ಇದೆ,” ಎಂದಳು ನಿಧಿ. ಆ ಮಾತು ಬಾಯಿಂದ ಬಿದ್ದಾಗ ಅವಳು ಅದನ್ನು ಅರ್ಧ ನಂಬಿದ್ದಳು. ಮೂಲೆಯ ಕುರ್ಚಿಯಲ್ಲಿ ಕಿವಿಗೆ ಬೆಚ್ಚಗಿನ ಬಟ್ಟೆ ಹಿಡಿದು ಕುಳಿತಿದ್ದ ಈಶ್ವರಪ್ಪ ಅವಳ ಕಡೆ ನೋಡಿದರು. ಸುನೀಲಕುಮಾರ ಕಾರಿನ ಚಾವಿಯನ್ನು ತನ್ನ ಬ್ಯಾಗಿನಲ್ಲಿ ಹಾಕಿಕೊಂಡ. “ಈ ವಿಂಟರ್ ಮುಗಿಯೂತನಕ ಅಷ್ಟ, ಅಪ್ಪಾ,” ಎಂದ.

ಮಾರನೇ ದಿನ ಕ್ಯಾಮೆರಾದ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿ ನೋಡಿದಾಗ ನಿಧಿಯ ಅರ್ಧ ನಂಬಿಕೆಯೂ ಉಳಿಯಲಿಲ್ಲ. ಎರಡು ಹಗಲು, ಎರಡು ರಾತ್ರಿ ಕ್ಯಾಮೆರಾ ಒಂದು ಗಳಿಗೆಯೂ ಮಲಗಿರಲಿಲ್ಲ. ಹಿಮ ತಳ್ಳುವ ಗಾಡಿ, ನಾಯಿ ಅಡ್ಡಾಡಿಸುವ ನೆರೆಯವರು, ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ, ಎಲ್ಲವನ್ನೂ ಅದು ಬ್ಯಾಟರಿಯ ಜೀವ ಹೀರಿ ಬರೆದಿಟ್ಟಿತ್ತು. ಶಾಲೆಗೆ ಹೋಗಿ ಬರುವ ಚಿಕ್ಕ ಓಟದಲ್ಲಿ ಆ ನಷ್ಟ ತುಂಬುತ್ತಿರಲಿಲ್ಲ. ಕಾರು ಚಾಲೂ ಆಗದಿದ್ದ ಆ ಐವತ್ತು ನಿಮಿಷವೂ ಅದರಲ್ಲಿತ್ತು. ಎಂಜಿನ್ನು ತಿರುಗಿಸುವ ಕಸುವು ಉಳಿಯದ ಬ್ಯಾಟರಿಗೂ ಕ್ಯಾಮೆರಾ ನಡೆಸುವಷ್ಟು ಕಸುವಿತ್ತು. ಚಿತ್ರದಲ್ಲಿ ಶಾಲೆಯ ಇಟ್ಟಿಗೆ ಗೋಡೆ ಬಿಟ್ಟು ಬೇರೇನಿಲ್ಲ. ದನಿ ಮಾತ್ರ ಸ್ಪಷ್ಟವಾಗಿತ್ತು.

“ಲೈಟ್ ಆರಿಸೀನಿ. ಆರಿಸೀನಿ ನಾನು,” ಎಂದು ಈಶ್ವರಪ್ಪ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

“ಅಜ್ಜಾ, ಐಯಾಮ್ ಕೋಲ್ಡ್.”

“ಬಾ, ಹತ್ತರ ಬಾ. ಬಸ್ ಹೊಂಟೈತಿ ಈಗ. ಹಾವೇರಿ ಬಿಟ್ವಿ. ಯಾರ್ರೀ ಮೋಟೆಬೆನ್ನೂರ? ಲಗೂನ ಇಳೀರಿ. ಮುಂದ ಬ್ಯಾಡಗಿ. ಮೆಣಸಿನಕಾಯಿ ಘಾಟು, ಮೂಗು ಮುಚ್ಕೋ...” ಮಗು ನಗುತ್ತಿತ್ತು. ಈಶ್ವರಪ್ಪನವರ ಹಲ್ಲು ಕಟಕಟ ಎನ್ನುವುದು ಮಾತಿನ ನಡುವೆ ಕೇಳುತ್ತಿತ್ತು. ಒಂದೂ ಊರು ತಪ್ಪದೆ ಅವರು ಆ ಬಸ್ಸನ್ನು ಹೋಗಿ ಬರುವ ಎರಡೂ ದಾರಿ ಓಡಿಸಿದ್ದರು.

ನಿಧಿ ಲ್ಯಾಪ್‌ಟಾಪು ಮುಚ್ಚಿದಳು. ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಸುಮುಖನ ಜ್ವರ ಏರಿತು. ಶನಿವಾರ ಹೇಳೋಣ ಎಂದರೆ ಮನೆಗೆ ನೆಂಟರು. ಆಮೇಲಾಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಮೊದಲ ತಪ್ಪಿಗಿಂತ ದೊಡ್ಡದಾಗಿ ಬೆಳೆಯಿತು. ಸುನೀಲಕುಮಾರ ಹೇಗೆ ನೋಡುತ್ತಾನೆಂಬುದು ಅವಳಿಗೆ ಗೊತ್ತಿತ್ತು. ‘ನಮ್ಮ ಸೊಸಿ ಇಂಜಿನಿಯರು’ ಎಂದು ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ ಮಾವ ಹೇಗೆ ನೋಡುತ್ತಾರೆಂಬುದು ಗೊತ್ತಿರಲಿಲ್ಲ.

ಅವಳು ಸುಮ್ಮನಿದ್ದಷ್ಟೂ ಈಶ್ವರಪ್ಪ ಕುಗ್ಗುತ್ತ ಹೋದರು. ಚಹಾ ಮಾಡಿ ಕೆಳಗಿನ ತಮ್ಮ ಕೋಣೆಗೆ ಇಳಿದವರು ಮತ್ತೆ ಮೆಟ್ಟಿಲು ಹತ್ತಿ, “ಸ್ಟೋವ್ ಆರಿಸೀನೇನ್ವಾ?” ಎಂದು ಕೇಳುವರು. ಆರಿಸಿರುತ್ತಿದ್ದರು. ಗುಳಿಗೆ ನುಂಗಿದೆನೋ ಇಲ್ಲವೋ ಎಂದು ಡಬ್ಬಿಯ ಗುಳಿಗೆಗಳನ್ನು ಎಣಿಸುವರು. ಚನ್ನವೀರಪ್ಪನವರ ಫೋನು ಬಂದರೆ, “ನನಗ ಈಗ ಮರವು ಬಂದೈತಿ ಮಾರಾಯಾ,” ಎಂದು ನಗುವರು. ಆ ನಗು ಕೇಳಲಾಗದೆ ನಿಧಿ ಅಡುಗೆಮನೆಯ ನಲ್ಲಿ ತಿರುಗಿಸುವಳು. ಮಂಗಳವಾರಕ್ಕೆ ಸುನೀಲಕುಮಾರ ನೆನಪಿನ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟು ತೆಗೆದುಕೊಂಡಿದ್ದ.

ಈಗ ಅವಳು ಹಳೆಯ ಬ್ಯಾಟರಿಯನ್ನು ಎತ್ತಿ ನೆಲಕ್ಕಿಟ್ಟಳು. ಹೊಸದನ್ನು ಅದರ ಜಾಗದಲ್ಲಿ ಕೂರಿಸಿ, ಮೇಲಿನ ಪಟ್ಟಿ ಬಿಗಿದು, ಪ್ಲಸ್ ಮೊದಲು, ಮೈನಸ್ ಆಮೇಲೆ ಕಟ್ಟಿದಳು. ಈಶ್ವರಪ್ಪ ಬಾಗಿಲು ಬಿಟ್ಟು ಒಳಗೆ ಬಂದರು. ಸ್ವೆಟರಿನ ಜೇಬಿನಿಂದ ಮಡಿಚಿದ ಕಾಗದ ತೆಗೆದು ಚಾಚಿದರು.

“ಇದನ್ನೊಂದ ನೋಡವಾ. ಗಡಿಯಾರ ಬರಿ ಅಂತಾರಂತ ಅಲ್ಲಿ. ಹನ್ನೊಂದೂ ಹತ್ತು ತೋರ್ಸು ಅಂತಾರಂತ. ಚನ್ನವೀರಪ್ಪಗ ಹಂಗ ಕೇಳಿದ್ರಂತ. ಬರೋಬ್ಬರಿ ಅದಾವೇನು?”

ಸುಮುಖನ ನೋಟ್‌ಬುಕ್ಕಿನ ಹಾಳೆ. ಪುಟದ ತುಂಬ ಗಡಿಯಾರಗಳು. ಮೊದಲಿನವು ಸೊಟ್ಟಗಿದ್ದವು, ಕೆಳಗಿಳಿದಂತೆ ದುಂಡಗಾಗಿದ್ದವು. ಎಲ್ಲದರಲ್ಲೂ ಹನ್ನೊಂದು ಹತ್ತು.

ನಿಧಿಯ ಕೈಯ ಗ್ರೀಸು ಕಾಗದದ ಅಂಚಿಗೆ ಹತ್ತಿತು. “ಮಾವ,” ಎಂದಳು. “ನೀವು ಲೈಟ್ ಆರಿಸಿದ್ರಿ.”

“ಹಾಂ?”

“ನೀವೇನೂ ಮರ್ತಿಲ್ಲ. ಬ್ಯಾಟ್ರಿ ತಿಂದಿದ್ದು ಕ್ಯಾಮೆರಾ. ನಾನು ಆ ಗುಂಡೀನ ಸರಿಯಾಗಿ ಇಟ್ಟಿರ್ಲಿಲ್ಲ. ನೀವು ಕೇಳಿದ್ರಿ, ಚಳಿಗಾಲದಲ್ಲಿ ಕೈ ಕೊಡಲ್ವಾ ಅಂತ. ನಾನು ನಕ್ಬಿಟ್ಟೆ.”

ಈಶ್ವರಪ್ಪ ಹಳೆಯ ಬ್ಯಾಟರಿಯ ಕಡೆ ನೋಡಿದರು. “ಹೌದು, ಕೇಳಿದ್ದೆ,” ಎಂದರು ಮೆಲ್ಲಗೆ. “ಅದೂ ನನ್ನ ಭ್ರಮಿ ಅಂದ್ಕೊಂಡಿದ್ದೆ.” ಅವಳ ಕಡೆ ತಿರುಗಿ ಕೇಳಿದರು, “ನಿನಗ ಯಾವಾಗ ಗೊತ್ತಾತು?”

ಸುಳ್ಳು ಹೇಳಲು ಅದು ಕೊನೆಯ ಅವಕಾಶವಾಗಿತ್ತು. “ಮಾರನೇ ದಿನ,” ಎಂದಳು ನಿಧಿ.

“ಅಂದ್ರ ಮೂರು ವಾರ.”

“ಹೂಂ.”

“ಬ್ಯಾಟ್ರಿ ಹೋದ್ರ ಹೋಗ್ಲಿ. ಕೆಲಸ ಮಾಡೋರ ಕೈಯಾಗ ತಪ್ಪು ಆಗ್ತಾವ.” ಅವರ ದನಿ ಏರಲಿಲ್ಲ. “ಆದ್ರ ದಿನಾ ನಾ ಸ್ಟೋವ್ ಮುಂದ ನಿಂತು ನಿನ್ನ ಕೇಳ್ತಿದ್ದೆ. ನೀ ‘ಆರ್ಸಿದೀರಿ ಮಾವ’ ಅಂತ ಹೇಳ್ತಿದ್ದಿ. ಅಷ್ಟ ಹೇಳಿ ಒಳಗ ಹೋಗ್ತಿದ್ದಿ.”

ನಿಧಿಗೆ ಅಳು ಬಂತು. ಅತ್ತರೆ ಅವರೇ ಸಮಾಧಾನ ಮಾಡಲು ನಿಲ್ಲುತ್ತಾರೆಂದು ತುಟಿ ಕಚ್ಚಿ ತಡೆದಳು.

“ಸುನೀಲಗ ನೀನ ಹೇಳು,” ಎಂದರು ಈಶ್ವರಪ್ಪ. “ನಾ ಹೇಳಿದ್ರ ಮುದುಕ ನೆಪ ತಗೀತಾನ ಅಂತಾನ.”

ಸುನೀಲಕುಮಾರ ಅಡುಗೆಮನೆಯಲ್ಲಿ ಸುಮುಖನಿಗೆ ದೋಸೆ ಹಾಕುತ್ತಿದ್ದ. ನಿಧಿ ನಿಂತೇ ಎಲ್ಲವನ್ನೂ ಹೇಳಿದಳು. ಅವನು ಸಟ್ಟುಗ ಹಿಡಿದುಕೊಂಡೇ ಕೇಳಿದ. ಕಾವಲಿಯ ಮೇಲೆ ದೋಸೆ ಸೀದಿತು. “ಯು ನ್ಯೂ? ಗೊತ್ತಿದ್ದೂ ನಾನು ಅಪ್ಪಗ ಹಂಗೆಲ್ಲಾ ಅನ್ನೋವಾಗ ಸುಮ್ನಿದ್ದಿ?” ಎಂದ. ಅವಳು ತಲೆಯಾಡಿಸಿದಳು. ಅವನು ಬಾಗಿಲಲ್ಲಿ ಬಂದು ನಿಂತಿದ್ದ ಅಪ್ಪನ ಕಡೆ ತಿರುಗಿ ಏನೋ ಹೇಳಹೋದ; ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: “ಆದ್ರೂ ಮಂಗಳವಾರ ಒಮ್ಮೆ ತೋರಿಸ್ಕೊಂಡು ಬರೋಣ್ರಿ ಅಪ್ಪಾ. ಅಪಾಯಿಂಟ್‌ಮೆಂಟ್ ಹೆಂಗೂ ಸಿಕ್ಕೈತಿ.”

ಈಶ್ವರಪ್ಪ ಮಗನ ಮುಂದೆ ಅಂಗೈ ಚಾಚಿದರು. ಸುನೀಲಕುಮಾರ ಬ್ಯಾಗು ತಡಕಿ ಚಾವಿ ತಂದು ಅದರಲ್ಲಿಟ್ಟ.

ಗ್ಯಾರೇಜಿಗೆ ಅವರ ಹಿಂದೆಯೇ ಬಂದ ನಿಧಿ, “ಕ್ಯಾಮೆರಾ ಕಿತ್ಹಾಕ್ಬಿಡ್ಲಾ ಮಾವ?” ಎಂದು ಕೇಳಿದಳು.

“ಬ್ಯಾಡ. ಗುಂಡಿ ಸರಿ ಮಾಡು, ಇರ್ಲಿ. ಮನ್ಯಾಗೂ ಸಾಕ್ಷಿ ಬೇಕಾಗ್ತೈತಿ.”

ಅವಳು ಫಲಕ ಬಿಚ್ಚಿ, ಪುಟ್ಟ ಡಬ್ಬಿಯ ಗುಂಡಿಯನ್ನು ಮೇಲಿನ ಮೆಟ್ಟಿಲಿಗೆ ಸರಿಸಿದಳು. ಹತ್ತು ಸೆಕೆಂಡಿನ ಕೆಲಸ. ಈಶ್ವರಪ್ಪ ಸೀಟು ಮುಂದಕ್ಕೆಳೆದು ಕುಳಿತು, ಕನ್ನಡಿ ಸರಿಪಡಿಸಿ, ಚಾವಿ ತಿರುಗಿಸಿದರು. ಮೊದಲ ತಿರುವಿಗೇ ಎಂಜಿನ್ನು ಎದ್ದಿತು. ಆದರೆ ಅವರು ಗೇರು ಹಾಕಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕುಳಿತೇ ಇದ್ದರು. ಆಮೇಲೆ ಪಕ್ಕದ ಬಾಗಿಲು ತೆರೆದರು. ನಿಧಿ ಹತ್ತಿದಳು.

ದಾರಿಯಲ್ಲಿ ಅವರು ಸ್ಟಾಪಿನ ಫಲಕ ಕಂಡಲ್ಲೆಲ್ಲ ಪೂರ್ತಿ ನಿಂತು, ಎಡಕ್ಕೂ ಬಲಕ್ಕೂ ಎರಡೆರಡು ಸಲ ನೋಡಿ ಮುಂದೆ ಹೋದರು. ಹಿಂದಿನವನೊಬ್ಬ ಹಾರನ್ನು ಬಾರಿಸಿದ. ಸರೋವರದಂಚಿನ ಪಾರ್ಕಿಂಗಿನಲ್ಲಿ ಒಂದೂ ಕಾರಿರಲಿಲ್ಲ. ಗೆರೆಯ ನಡುವೆ ನೇರವಾಗಿ ನಿಲ್ಲಿಸಿ ಎಂಜಿನ್ನು ಆರಿಸಿದರು. ಚಾವಿಯನ್ನು ಗಾಡಿಯಲ್ಲಿ ಬಿಟ್ಟು ಇಳಿಯುವ ಅಭ್ಯಾಸ ಅವರಿಗೆ ಎಂದೂ ಇಲ್ಲ. ಅದನ್ನು ಜೇಬಿಗಿಳಿಸಿ, “ಸ್ವಲ್ಪ ಅಡ್ಡಾಡಿ ಬರ್ತೀನಿ,” ಎಂದು ಬಾಗಿಲು ಮುಚ್ಚಿದರು. ಬಾ ಎನ್ನಲಿಲ್ಲ.

ಒಂಟಾರಿಯೊ ಸರೋವರದ ದಂಡೆಯುದ್ದಕ್ಕೂ ಮಂಜುಗಡ್ಡೆ ಒಡೆದು ಒಂದರ ಮೇಲೊಂದು ಬಿದ್ದಿತ್ತು. ಅದರ ಪಕ್ಕದ ಕಾಲುದಾರಿಯಲ್ಲಿ ಈಶ್ವರಪ್ಪ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆದುಹೋದರು. ಕಾರಿನೊಳಗಿನ ಬಿಸಿ ಬೇಗನೆ ಇಳಿಯಿತು. ನಿಧಿಯ ಉಸಿರಿಗೆ ಮುಂದಿನ ಗಾಜು ಮಸುಕಾಗತೊಡಗಿತು. ಅವಳು ಅದನ್ನು ಒರೆಸಲಿಲ್ಲ. ಗಾಜಿನ ಆಚೆ ಅವರ ಕಂದು ಸ್ವೆಟರು ಚಿಕ್ಕದಾಗುತ್ತ, ನಿಲ್ಲುತ್ತ, ಮತ್ತೆ ಮುಂದೆ ಸಾಗುತ್ತಿತ್ತು.